ಹಳೇ ಮಿಲಿಟರಿ ಲಾರಿ ತೊಳೆಯುವ ಮುನ್ನ

ದಾವಣಗೆರೆಯಿಂದ ಬಾತಿ ಮೇಲೆ ಹರಿಹರಕ್ಕೆ ಹೋಗುವ ಹಳೇ ಹೆದ್ದಾರಿಗೆ ಜನ ಇಂದಿಗೂ ಪಿ.ಬಿ. ರಸ್ತೆ ಎನ್ನುತ್ತಾರೆ. ಪುಣೆ–ಬೆಂಗಳೂರು ರಸ್ತೆ. ಒಂದು ತುದಿಗೆ ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ, ಇನ್ನೊಂದು ತುದಿಗೆ ಬೆಂಗಳೂರಿನ ದಂಡು. ಹರಿಹರದ ಹೊರವಲಯದಲ್ಲೂ 1865ರ ತನಕ ಒಂದು ಪದಾತಿ ದಳ ಬೀಡುಬಿಟ್ಟಿತ್ತು. ತುಂಗಭದ್ರೆಗೆ 1868ರಲ್ಲಿ ಸೇತುವೆಯಾದ ಮೇಲೆ ಸರಕೂ ಸೈನ್ಯವೂ ಹೊಳೆ ದಾಟಲು ದೋಣಿ ಕಾಯಬೇಕಾಗಲಿಲ್ಲ. ಎರಡನೇ ಮಹಾಯುದ್ಧ ಮುಗಿದು ಸೇನೆಗೆ ಬೇಡವಾದ ಲಾರಿ, ಜೀಪುಗಳು ಡಿಸ್ಪೋಸಲ್ ಮಾರಾಟಕ್ಕೆ ಬಂದಾಗ ಅವನ್ನು ಕೊಂಡವರು ಬಸ್ಸು ಮಾಡಿಕೊಂಡರು, ಸರಕು ಲಾರಿ ಮಾಡಿಕೊಂಡರು, ಮಲೆನಾಡಿನ ಕಾಫಿ ತೋಟಗಳಿಗೆ ಒಯ್ದರು. ಆಮೇಲಿನ ದಶಕಗಳಲ್ಲಿ ಜಬಲ್‌ಪುರದ ಶಕ್ತಿಮಾನ್ ಲಾರಿ, ಜೋಂಗಾ ಜೀಪುಗಳೂ ಅದೇ ದಾರಿ ಹಿಡಿದವು. ಇಂಥದ್ದೊಂದು ಗಾಡಿ ಗ್ಯಾರೇಜಿನ ಮೂಲೆಯಲ್ಲೋ ಗುಜರಿ ಅಂಗಡಿಯ ಗೋಡೆಗೆ ಒರಗಿಯೋ ನಿಮಗೆ ಸಿಕ್ಕಿ, ಅದನ್ನು ಮತ್ತೆ ಓಡಿಸಬೇಕೆಂಬ ಆಸೆ ಹುಟ್ಟಿದ್ದರೆ ಈ ಬರಹ ನಿಮಗಾಗಿ.

ಮೊದಲ ಮಾತು: ತೊಳೆಯಬೇಡಿ. ಗಾಡಿ ಬಂದ ದಿನವೇ ಸರ್ವಿಸ್ ಸ್ಟೇಷನ್ನಿಗೆ ಒಯ್ದು ಪ್ರೆಷರ್ ನೀರು ಹೊಡೆಸುವುದು ನಮ್ಮಲ್ಲಿ ರೂಢಿ. ಆ ಅರ್ಧ ಗಂಟೆಯಲ್ಲಿ ಹೋಗುವುದು ಬರೀ ಮಣ್ಣಲ್ಲ. ಬಣ್ಣದಡಿಯ ಅಕ್ಷರ, ಹಲಗೆ ಸಂದಿಯ ಚೀಟಿ, ಸೀಟಿನ ಕೆಳಗೆ ಬಿದ್ದ ಕಾಸು, ಇವೆಲ್ಲ ಇದ್ದ ಜಾಗದಲ್ಲೇ ಇದ್ದರೆ ಮಾತ್ರ ಸಾಕ್ಷಿ. ಜಾಗ ತಪ್ಪಿದರೆ ಅವು ಬಿಡಿ ಸಾಮಾನು. ಒಂದು ತೂತಿನ ಕಾಸಿಗೆ ಪೇಟೆಯಲ್ಲಿ ದೊಡ್ಡ ಬೆಲೆಯೇನಿಲ್ಲ. ಆದರೆ ಅದೇ ಕಾಸು ಯಾರೂ ಬಿಚ್ಚದ ರಿವೆಟ್ ಪಟ್ಟಿಯ ಹಿಂದೆ ಸಿಕ್ಕರೆ, ಆ ಪಟ್ಟಿಯನ್ನು ಹೊಡೆದದ್ದು 1943ಕ್ಕೆ ಮೊದಲಲ್ಲ ಎಂದು ಖಚಿತವಾಗಿ ಹೇಳಬಹುದು. ನಡುವೆ ತೂತಿದ್ದ ಆ ಕಾಸನ್ನು ಟಂಕಿಸಿದ್ದೇ 1943ರಿಂದ 1947ರ ತನಕ.

ಸಿಕ್ಕವರು ಏನು ಮಾಡಿದರು

ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾದ ಪ್ರಕರಣ ಇಂಗ್ಲೆಂಡಿನದು. ನಾರ್ಥಾಂಪ್ಟನ್‌ಷೈರ್‌ನಲ್ಲಿ ಹಳೆಯ ಟ್ಯಾಂಕುಗಳನ್ನು ದುರಸ್ತಿ ಮಾಡುವ ನಿಕ್ ಮೀಡ್ ಎಂಬವರು ಸುಮಾರು 30,000 ಪೌಂಡ್ ಬೆಲೆಗೆ ಇರಾಕ್ ಸೇನೆಯಲ್ಲಿದ್ದ ಟ್ಯಾಂಕೊಂದನ್ನು ಪಡೆದರು. ಒಳಗೆ ಮೆಷಿನ್ ಗನ್ನಿನ ಗುಂಡು ಕಾಣಿಸಿದಾಗ, ಇನ್ನೂ ಆಯುಧ ಇರಬಹುದೆಂದು ಅಂದಾಜು ಮಾಡಿ ಡೀಸೆಲ್ ಟ್ಯಾಂಕನ್ನು ತೆರೆದರು. ತೆರೆಯುವಾಗಲೇ ವಿಡಿಯೊ ಮಾಡಿಟ್ಟುಕೊಂಡರು. ಹೊರಬಂದದ್ದು ಐದು ಚಿನ್ನದ ಗಟ್ಟಿ. 1990ರಲ್ಲಿ ಕುವೈತ್ ಮೇಲೆ ದಾಳಿಯಾದಾಗ ಲೂಟಿ ಮಾಡಿದ್ದಿರಬೇಕು ಎಂಬ ಊಹೆ ಹಬ್ಬಿತು. ಮೀಡ್ ಪೊಲೀಸರನ್ನು ಕರೆದು ಗಟ್ಟಿಗಳನ್ನು ಒಪ್ಪಿಸಿದರು. 2017ರ ಏಪ್ರಿಲ್‌ನಲ್ಲಿ ಸುದ್ದಿ ಜಗತ್ತು ಸುತ್ತಿತು. ಎಲ್ಲರಿಗೂ ನೆನಪಿರುವುದು ಚಿನ್ನ. ದುರಸ್ತಿಗೆ ಕೂತವರು ನೆನಪಿಡಬೇಕಾದದ್ದು ಆ ವಿಡಿಯೊ ಮತ್ತು ಆ ಫೋನ್ ಕರೆ.

ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ನಗರದ ಸಂಗತಿ ನನಗೆ ಇನ್ನೂ ಹತ್ತಿರದ್ದು. ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ 2002ರಲ್ಲಿ ಪಾಳುಬಾವಿಯೊಂದರಿಂದ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಮೈಸೂರು ಸೈನ್ಯದ ರಾಕೆಟ್ಟುಗಳೆಂದು ಗುರುತಾಗಲು ವರ್ಷಗಳೇ ಬೇಕಾದವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅದೇ ಬಾವಿಯನ್ನು ಶಿಸ್ತಾಗಿ ಅಗೆದಾಗ ಕೆಸರಿನಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಹೊರಬಂದವು. ಸುತ್ತಲಿನ ಮಣ್ಣೇ ಮದ್ದಿನ ವಾಸನೆ ಬೀರುತ್ತಿತ್ತಂತೆ. ಇಂಥ ತುಕ್ಕು ಕೊಳವೆಯನ್ನು ಗುಜರಿಯ ತಕ್ಕಡಿಗೆ ಹಾಕಿಬಿಡುವುದು ಎಷ್ಟು ಸುಲಭವಿತ್ತು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ಲಾರಿಯ ವಿಷಯದಲ್ಲೂ ಅಪಾಯ ಅದೇ. ಗುರುತು ಹಿಡಿಯಲಾಗದ ವಸ್ತುವನ್ನು ಎಸೆಯಬಾರದು. ಗುರುತು ಹಿಡಿಯುವವರು ಸಿಗುವ ತನಕ ಅದು ಡಬ್ಬಿಯಲ್ಲಿ ಕಾಯಲಿ.

ಯಾವ ಗಾಡಿ, ಯಾವ ಕಾಲದ್ದು

ಬಿಚ್ಚುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದು ಫೋಟೊ ತೆಗೆಯಿರಿ. ನಾಲ್ಕು ಬದಿ, ಮೇಲೆ, ಕೆಳಗೆ, ಕ್ಯಾಬಿನ್ ಒಳಗೆ, ಬಾನೆಟ್ ಒಳಗೆ. ಪ್ರತಿ ಫೋಟೊದಲ್ಲೂ ಒಂದು ಅಳತೆಪಟ್ಟಿ ಕಾಣುವಂತಿರಲಿ. ಕ್ಲೀನರ್ ಹುಡುಗನ ಕೈಗೆ ಪಾನಾ ಕೊಡುವುದು ಅದಾದ ಮೇಲೆ.

ವಿಲ್ಲಿಸ್ ಜೀಪೆಂದು ಎಲ್ಲರೂ ಕರೆಯುವ ಯುದ್ಧಕಾಲದ ಜೀಪುಗಳಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಫೋರ್ಡ್ ಕಂಪನಿಯವು. ಮುಂಭಾಗದಲ್ಲಿ ಚಾಸಿಯ ಅಡ್ಡಪಟ್ಟಿ ದುಂಡು ಕೊಳವೆಯಾಗಿದ್ದರೆ ವಿಲ್ಲಿಸ್, ಬೋರಲು ತೊಟ್ಟಿಯ ಆಕಾರದಲ್ಲಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟಿನ ತಲೆಯ ಮೇಲೂ ಪುಟ್ಟದೊಂದು 'ಎಫ್' ಅಕ್ಷರ ಒತ್ತುತ್ತಿದ್ದರು. ಹಾಗಾಗಿ ಹಳೇ ಬೋಲ್ಟನ್ನು ಕಣ್ಣು ಮುಚ್ಚಿ ಎಸೆಯುವ ಹಾಗಿಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಬಾಗಿಲ ಮೇಲಿನ ಲೋಹದ ಫಲಕಗಳಲ್ಲಿ ಗಾಡಿ ಸೇನೆಗೆ ಒಪ್ಪಿಸಿದ ದಿನಾಂಕವೂ ಇರುತ್ತಿತ್ತು. ಗಾಡಿ ಮಾರಿದವರು ಮೊದಲು ಕಿತ್ತಿಟ್ಟುಕೊಳ್ಳುತ್ತಿದ್ದದ್ದೂ ಇವನ್ನೇ. ಫಲಕ ಇಲ್ಲದಿದ್ದರೆ ಅದರ ನಾಲ್ಕು ತೂತುಗಳನ್ನಾದರೂ ಹುಡುಕಿ.

ಚಪ್ಪಟೆ ಮೂತಿಯ, ಗಾಜು ಒಳಕ್ಕೆ ವಾಲಿದ ಲಾರಿಯಾದರೆ ಅದು ಕೆನಡಾದ ಷೆವರ್ಲೆ ಅಥವಾ ಫೋರ್ಡ್ ಇರಬಹುದು. ಆ ಯುದ್ಧದಲ್ಲಿ ಕೆನಡಾ ಒಂದೇ 8 ಲಕ್ಷಕ್ಕೂ ಹೆಚ್ಚು ಮಿಲಿಟರಿ ಗಾಡಿಗಳನ್ನು ತಯಾರಿಸಿತು. ಅವುಗಳಲ್ಲಿ ಬಹಳಷ್ಟು ಬಿಡಿಭಾಗಗಳಾಗಿ ಭಾರತಕ್ಕೆ ಬಂದು ಇಲ್ಲಿ ಜೋಡಣೆಯಾದವು. ಇನ್ನು ಶಕ್ತಿಮಾನ್ ಜರ್ಮನಿಯ ಮಾನ್ ಕಂಪನಿಯ ವಿನ್ಯಾಸದ್ದು. 1959ರಲ್ಲಿ ಜಬಲ್‌ಪುರದಲ್ಲಿ ತಯಾರಿಕೆ ಆರಂಭವಾಗಿ 1996ರಲ್ಲಿ ನಿಂತಿತು. ನಿಸಾನ್ ವಿನ್ಯಾಸದ ಜೋಂಗಾ 1969ರಿಂದ ಮೂರು ದಶಕ ಬಂತು. ಸ್ವತಂತ್ರ ಭಾರತದ ಸೇನೆಯ ನಂಬರನ್ನು ಗುರುತಿಸುವುದು ಸುಲಭ: ಮೇಲಕ್ಕೆ ಮುಖ ಮಾಡಿದ ಬಾಣ, ಅದರ ಪಕ್ಕದ ಎರಡು ಅಂಕಿ ಸೇನೆ ಗಾಡಿ ಪಡೆದ ವರ್ಷ.

ಬಣ್ಣ ಓದುವುದು

ಟಿಂಕರಿಂಗ್ ಶೆಡ್ಡಿನಲ್ಲಿ ಅತಿ ಹೆಚ್ಚು ಇತಿಹಾಸ ಹಾಳಾಗುವುದು ಗ್ರೈಂಡರ್‌ನಿಂದ. ಬಣ್ಣವನ್ನು ಒಂದೇ ಸಲ ತಗಡಿನ ತನಕ ಕೆರೆದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಬದಲಿಗೆ ಬಾಗಿಲ ನಡುಭಾಗ, ಬಾನೆಟ್‌ನ ಪಕ್ಕ, ಮಡ್‌ಗಾರ್ಡ್, ಹಿಂದಿನ ಡಾಲಿನ ಹಲಗೆ, ಇಷ್ಟು ಕಡೆ ರೂಪಾಯಿ ಅಗಲದ ಜಾಗ ಆರಿಸಿ. 400ರ ವಾಟರ್ ಪೇಪರನ್ನು ನೀರಲ್ಲಿ ಅದ್ದಿ, ನಡುವಿನಿಂದ ಸುತ್ತು ತಿರುಗಿಸುತ್ತ ನಿಧಾನ ಉಜ್ಜಿ, ಕೊನೆಗೆ 800ರಲ್ಲಿ ನಯ ಮಾಡಿ. ಮರದ ಕೊರಡಿನಲ್ಲಿ ಕಾಣುವ ವರ್ಷದ ಉಂಗುರಗಳಂತೆ ಒಂದೊಂದು ಬಣ್ಣವೂ ಬಳೆಯಾಗಿ ತೆರೆದುಕೊಳ್ಳುತ್ತದೆ. ಹೊರಗಿನ ಉಂಗುರ ಕೊನೆಯ ಮಾಲೀಕನದು, ಒಳಗಿನದು ಕಾರ್ಖಾನೆಯದು.

ಎಲ್ಲಾದರೂ ಬಿಳಿ, ಹಳದಿ, ಕೆಂಪು ತುಣುಕು ಕಂಡರೆ ಅಲ್ಲೇ ನಿಲ್ಲಿಸಿ. ಅದು ಅಕ್ಷರ ಅಥವಾ ಚಿಹ್ನೆ. ಟಾರ್ಚನ್ನು ಓರೆಯಾಗಿ ತಗಡಿಗೆ ತಾಗಿಸಿದಂತೆ ಹಿಡಿದರೆ ಮೇಲಿನ ಬಣ್ಣದಡಿಯಲ್ಲೂ ಹಳೇ ಅಕ್ಷರದ ಅಂಚು ಉಬ್ಬಾಗಿ ಕಾಣುತ್ತದೆ. ಹಳದಿ ವೃತ್ತದೊಳಗೆ ಕಪ್ಪು ಅಂಕಿ ಇದ್ದರೆ ಅದು ಸೇತುವೆಗೆ ಸಂಬಂಧಿಸಿದ್ದು, ಈ ಗಾಡಿಯನ್ನು ಎಷ್ಟು ಭಾರ ತಡೆಯುವ ಸೇತುವೆ ಮೇಲೆ ಬಿಡಬಹುದು ಎಂಬ ಸೂಚನೆ. ಐದು ಮೂಲೆಯ ಬಿಳಿ ನಕ್ಷತ್ರ ಮಿತ್ರಪಡೆಗಳ ಗುರುತು. ಮಡ್‌ಗಾರ್ಡ್ ಮೇಲಿನ ಚಿತ್ರ ಗಾಡಿ ಯಾವ ಡಿವಿಷನ್ನಿನದು ಎಂದು ಹೇಳುತ್ತದೆ: ಕಪ್ಪು ಬೆಕ್ಕು ಬರ್ಮಾದಲ್ಲಿ ಹೋರಾಡಿದ 17ನೇ ಭಾರತೀಯ ಡಿವಿಷನ್, ಕೆಂಪು ಹದ್ದು ಆಫ್ರಿಕಾ ಮತ್ತು ಇಟಲಿ ಕಂಡ 4ನೇ ಡಿವಿಷನ್, ಕಠಾರಿ 19ನೇ ಡಿವಿಷನ್. ಇಂಥ ಚಿತ್ರದ ಕಾಲುಭಾಗ ಸಿಕ್ಕರೂ ಸಾಕು, ಗಾಡಿ ಎಲ್ಲಿಂದ ಬಂತು ಎಂಬ ಹುಡುಕಾಟಕ್ಕೆ ದಿಕ್ಕು ಸಿಗುತ್ತದೆ. ಆ ಜಾಗವನ್ನು ಮತ್ತೆ ಬಣ್ಣದಲ್ಲಿ ಮುಚ್ಚದೆ, ಬಣ್ಣವಿಲ್ಲದ ವಾರ್ನಿಷ್ ಹಚ್ಚಿ ಹಾಗೇ ಉಳಿಸಿಕೊಳ್ಳಿ ಎಂಬುದು ನನ್ನ ಕಳಕಳಿಯ ವಿನಂತಿ.

ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ಒಣಗಿದ್ದನ್ನು ಉಜ್ಜಿ ದೂಳೆಬ್ಬಿಸಬೇಡಿ. ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬೇಡ, ಉಜ್ಜಿದ ನೀರು ಬಾವಿ ಕಡೆಗೋ ದನ ಕುಡಿಯುವ ಕಡೆಗೋ ಹರಿಯಬಾರದು.

ಎಲ್ಲೆಲ್ಲಿ ಅಡಗಿರುತ್ತದೆ

ಸೀಟಿನ ನಾರಿನ ಒಳಗೆ, ಸೀಟಿನಡಿಯ ಟೂಲ್ ಪೆಟ್ಟಿಗೆಯಲ್ಲಿ, ಬಾಗಿಲ ಎರಡು ತಗಡಿನ ನಡುವೆ, ಡ್ಯಾಶ್‌ಬೋರ್ಡ್ ಹಿಂದೆ, ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ, ಹಿಂದಿನ ಹಲಗೆಗಳ ಸಂದಿಯಲ್ಲಿ, ತಾಡಪಾಲಿನ ಮಡಿಕೆಯಲ್ಲಿ. ಚಾಸಿಯ ಟೊಳ್ಳಿಗೆ ಬೆಳಕು ಬಿಟ್ಟು ಮೊಬೈಲಿನ ಕ್ಯಾಮೆರಾ ತೂರಿಸಿ ನೋಡಿ. ಬಾಗಿಲ ತಳದಲ್ಲಿ ಕೂತ ಮಣ್ಣನ್ನು ಬಕೆಟ್ಟಿಗೆ ತೆಗೆದು ಜರಡಿ ಹಿಡಿಯಿರಿ. ಸಿಕ್ಕ ಪ್ರತಿ ವಸ್ತುವಿಗೂ ಬೇರೆ ಪೊಟ್ಟಣ, ಅದರ ಮೇಲೆ ಪೆನ್ಸಿಲಿನಲ್ಲಿ 'ಎಡ ಬಾಗಿಲು, ಕೆಳ ಮೂಲೆ' ಎಂಬಂಥ ಒಕ್ಕಣೆ.

ಸಿಗುವವುಗಳಲ್ಲಿ ಕಾಲ ಹೇಳುವ ಗುರುತುಗಳಿವೆ. ನಯಾ ಪೈಸೆ ಎಂದು ಬರೆದ ಕಾಸು 1957ಕ್ಕಿಂತ ಹಿಂದಿನದಲ್ಲ. 'ಪ್ರಜಾವಾಣಿ'ಯ ತುಂಡು 1948ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. '56 ಎಪಿಒ' ಎಂಬ ವಿಳಾಸ ಸೈನಿಕರಿರುವ ಮನೆಗಳಿಗೆಲ್ಲ ಗೊತ್ತು, ಸ್ವಾತಂತ್ರ್ಯಾನಂತರದ ಸೇನಾ ಅಂಚೆಯದು ಅದು. ಸೇನಾ ಚಾಲಕನ ಕಾರ್ ಡೈರಿಯ ಒಂದು ಹಾಳೆ ಸಿಕ್ಕರೂ ಯಾವ ದಿನ, ಎಲ್ಲಿಂದ ಎಲ್ಲಿಗೆ, ಎಷ್ಟು ಮೈಲಿ ಎಂಬುದು ಕೈಗೆ ಬಂದಂತೆ. ಸೈನಿಕನ ಹೆಸರು, ನಂಬರು ಕೊರೆದ ಬಿಲ್ಲೆ ಸಿಕ್ಕರೆ ಮಾತ್ರ ಅದನ್ನು ಸಂಗ್ರಹದ ವಸ್ತುವೆಂದು ನೋಡಬೇಡಿ. ಅದು ಒಂದು ಮನೆಗೆ ಸೇರಬೇಕಾದದ್ದು. ಎರಡು ಮಹಾಯುದ್ಧಗಳಲ್ಲಿ ಮಡಿದ ಭಾರತೀಯ ಸೈನಿಕರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಬಹುದು. ಆಮೇಲಿನವರದಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರನ್ನು ಕೇಳಿ.

ನಾನು ಇಲ್ಲಿ ಒತ್ತಿ ಹೇಳಬೇಕಾದ ಸಂಗತಿಯೊಂದಿದೆ. ಮಿಲಿಟರಿ ಗಾಡಿ ಪ್ರಿಯರು ಸೇನೆಯ ಗುರುತು ಹುಡುಕುವ ಭರದಲ್ಲಿ ಗಾಡಿಯ ಎರಡನೇ ಬದುಕನ್ನು ಕಸವೆಂದು ಗುಡಿಸಿಬಿಡುತ್ತಾರೆ. ಯುದ್ಧದಲ್ಲಿ ನಾಲ್ಕೈದು ವರ್ಷ ಓಡಿದ ಲಾರಿ ನಮ್ಮ ನಡುವೆ ಮೂವತ್ತು ನಲವತ್ತು ವರ್ಷ ದುಡಿದಿರಬಹುದು. ಅದೂ ಇತಿಹಾಸವೇ, ಮತ್ತು ನಮ್ಮ ಈ ಭಾಗಕ್ಕೆ ಹೆಚ್ಚು ಬೇಕಾದ ಇತಿಹಾಸ. 1956ರ ನವೆಂಬರ್ 1ರ ತನಕ ಹರಿಹರದ ಹೊಳೆ ದಾಟಿದರೆ ಆಚೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ. ದಾವಣಗೆರೆಯ ಹತ್ತಿ ಹೊತ್ತ ಲಾರಿ ರಾಣೆಬೆನ್ನೂರಿಗೆ ಹೊರಟರೆ ಅದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾಡುವ ಪಯಣ. ಆ ಕಾಲದ ಒಂದು ನಾಕಾ ರಸೀತಿ, ಒಂದು ಪರ್ಮಿಟ್ ಚೀಟಿ ಸಿಕ್ಕರೆ ಏಕೀಕರಣಕ್ಕೆ ಮುಂಚಿನ ವ್ಯಾಪಾರದ ಜೀವಂತ ದಾಖಲೆ ನಿಮ್ಮ ಕೈಲಿದೆ ಎಂದರ್ಥ. ಊರು ಪ್ರವೇಶಿಸುವ ಸರಕಿಗೆ ಪುರಸಭೆಗಳು ಹಾಕುತ್ತಿದ್ದ ಆಕ್ಟ್ರಾಯ್ ನಮ್ಮ ರಾಜ್ಯದಲ್ಲಿ 1979ರಲ್ಲಿ ರದ್ದಾಯಿತು, ಅದರ ರಸೀತಿ ಸಿಕ್ಕರೆ ಅದಕ್ಕೆ ಹಿಂದಿನದು. ನಂಬರ್ ಪ್ಲೇಟೂ ಹಾಗೆಯೇ. 'ಎಂವೈ'ಯಿಂದ ಆರಂಭವಾಗುವ ಅಕ್ಷರಗಳು ಮೈಸೂರು ರಾಜ್ಯದ ಕಾಲದವು, ನಂತರ 'ಸಿಎ' ಸರಣಿ ಬಂತು, ಆಮೇಲೆ ಇಂದಿನ 'ಕೆಎ'. ಹಲಗೆ ಸಂದಿಯಲ್ಲಿ ಸಿಕ್ಕಿಕೊಂಡ ಹತ್ತಿ ಎಳೆ, ಶೇಂಗಾ ಸಿಪ್ಪೆ, ಕ್ಯಾಬಿನ್ ಮೇಲೆ ಪೇಂಟರ್ ಬರೆದ ದೇವರ ಹೆಸರು, ಮಾಲೀಕನ ಮಕ್ಕಳ ಹೆಸರು, ಇವನ್ನೂ ಫೋಟೊ ತೆಗೆದು ಬರೆದಿಡಿ. ಆ ಹೆಸರು ಹಿಡಿದು ಊರಲ್ಲಿ ವಿಚಾರಿಸಿದರೆ ಆ ಲಾರಿ ಓಡಿಸಿದ ಡ್ರೈವರಣ್ಣನ ಮನೆಯವರು ಸಿಗಬಹುದು. ಅವರ ಆಲ್ಬಮ್ಮಿನಲ್ಲಿ ಅದೇ ಲಾರಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಇದ್ದರೆ, ಯಾವ ಮ್ಯೂಸಿಯಮ್ಮೂ ಕೊಡಲಾಗದ ಸಾಕ್ಷ್ಯ ಅದು.

ಮುಟ್ಟಬಾರದವು

ಗುಂಡು, ತೋಟಾ, ಗ್ರೆನೇಡಿನಂಥದ್ದು, ಏನೆಂದು ತಿಳಿಯದ ಮುಚ್ಚಿದ ಲೋಹದ ಡಬ್ಬಿ ಕಂಡರೆ ಕೈ ಹಿಂದಕ್ಕೆ. ಅಲುಗಿಸಬೇಡಿ, ಅದರ ಸೆಲ್ಫಿ ಬೇಡ. ಎಲ್ಲರನ್ನೂ ದೂರ ಕಳಿಸಿ 112ಕ್ಕೆ ಫೋನ್ ಮಾಡಿ, ಬಾಂಬ್ ನಿಷ್ಕ್ರಿಯ ದಳ ಬರುವ ತನಕ ಕಾಯಿರಿ. ಎಷ್ಟೇ ಹಳೆಯದಾದರೂ ಮದ್ದು ಮದ್ದೇ. ಲೈಸೆನ್ಸ್ ಇಲ್ಲದೆ ಗುಂಡು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ನೆನಪಿಗೊಂದು ಇರಲಿ ಎಂದು ಶೋಕೇಸಿನಲ್ಲಿಟ್ಟರೂ ಅಪರಾಧವೇ.

ಯುದ್ಧಕಾಲದ ಕೆಲವು ಮೀಟರುಗಳ ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಹಚ್ಚಿರುತ್ತಿದ್ದರು. ಹೊಳಪು ಹೋಗಿದೆಯೆಂದು ವಿಕಿರಣವೂ ಹೋಯಿತೆಂದು ತಿಳಿಯಬೇಡಿ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಗಾಜು ಬಿಚ್ಚದೆ, ಬಣ್ಣ ಕೆರೆಯದೆ, ಮೀಟರನ್ನು ಇಡಿಯಾಗಿ ಮುಚ್ಚಿಡಿ. ಹಳೇ ಬ್ರೇಕ್ ಲೈನರ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುವುದರಿಂದ ಗಾಳಿ ಹೊಡೆದು ದೂಳು ಹಾರಿಸುವುದು ಬೇಡ. ಪೆಟ್ರೋಲ್ ಟ್ಯಾಂಕಿನೊಳಗೆ ಏನೋ ಗಲಗಲ ಎನ್ನುತ್ತಿದೆಯೆಂದು ಗ್ಯಾಸ್ ಕಟರ್ ಹಿಡಿಯುವ ಮೊದಲು ಯೋಚಿಸಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಸಿಕ್ಕಿದ್ದನ್ನು ಉಳಿಸುವುದು

ಒದ್ದೆ ಕಾಗದದ ಕಟ್ಟನ್ನು ಎಳೆದು ಬಿಡಿಸಬೇಡಿ. ಬಿಸಿಲಿಗೂ ಇಡಬೇಡಿ. ಪಾಲಿಥೀನ್ ಚೀಲದಲ್ಲಿ ಸುತ್ತಿ ಫ್ರಿಜ್‌ನ ಫ್ರೀಜರಿನಲ್ಲಿಟ್ಟರೆ ಬೂಷ್ಟು ಹಿಡಿಯುವುದು ನಿಂತು, ತಜ್ಞರಿಗೆ ತೋರಿಸಲು ಸಮಯ ಸಿಗುತ್ತದೆ. ಬಿಡಿ ಹಾಳೆಯಾದರೆ ಅಚ್ಚಾಗದ ಬಿಳಿ ಕಾಗದದ ನಡುವೆ ನೆರಳಲ್ಲಿ ಆರಲಿ. ಲ್ಯಾಮಿನೇಷನ್ ಮಾಡಿಸಿದರೆ ಆ ಹಾಳೆಯ ಕಥೆ ಮುಗಿದಂತೆ. ಕಾಸನ್ನು ಹುಣಸೆಹಣ್ಣು, ನಿಂಬೆಹುಳಿ ಹಾಕಿ ತಿಕ್ಕಬೇಡಿ. ಅಲ್ಯೂಮಿನಿಯಂ ಫಲಕವನ್ನು ಥಿನ್ನರಿನಲ್ಲಿ ಒರೆಸಿದರೆ ಅಚ್ಚಾದ ಅಕ್ಷರವೇ ಅಳಿಸಿಹೋಗುತ್ತದೆ. ಮೆತ್ತನೆ ಬ್ರಷ್, ಒಣ ಬಟ್ಟೆ ಸಾಕು.

ಮುಂದಿನ ಹೆಜ್ಜೆಗೆ ನಮ್ಮ ರಾಜ್ಯದಲ್ಲೇ ಜಾಗಗಳಿವೆ. ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ದಾಖಲೆಪತ್ರಗಳ ವಿಷಯದಲ್ಲಿ ರಾಜ್ಯ ಪತ್ರಾಗಾರ ಇಲಾಖೆಯವರನ್ನು ಕೇಳಬಹುದು. ಗೋಪ್ಯ ಎಂಬ ಮುದ್ರೆಯಿರುವ ಸೇನೆಯ ಕಾಗದ, ನಕ್ಷೆಗಳನ್ನು ಮಾತ್ರ ವಾಟ್ಸಾಪ್ ಗುಂಪಿಗೆ ಹಾಕದೆ ಪೊಲೀಸರ ಮೂಲಕ ಸೇನೆಗೆ ಒಪ್ಪಿಸಿ.

ಚಿನ್ನ ಬೆಳ್ಳಿ ಸಿಕ್ಕರೆ? ನಿಧಿ ಕಾಯ್ದೆಯ ಮಾತು ಮುಖ್ಯವಾಗಿ ಮಣ್ಣಿನಲ್ಲಿ ಹುದುಗಿದ್ದರ ಬಗ್ಗೆ. ಲಾರಿಯೊಳಗಿನದು ಅದಕ್ಕೆ ನೇರ ಸಿಗುವುದಿಲ್ಲವೆಂದು ಅದು ನಿಮ್ಮದಾಗಿಬಿಡುವುದಿಲ್ಲ, ಯಾರೋ ಕಳೆದುಕೊಂಡದ್ದು ಅದು. ಪೊಲೀಸ್ ಠಾಣೆಯಲ್ಲಿ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಬರುತ್ತದೆ, ಆಗ ಪುರಾತತ್ವ ಇಲಾಖೆಗೂ ತಿಳಿಸಬೇಕು.

ಮತ್ತೆ ಓಡಿಸುವಾಗ

ಬಿಡಿಭಾಗ ಸಿಗುವುದಿಲ್ಲವೆಂದು ಎಂಜಿನನ್ನೇ ಬದಲಿಸುವವರು ಬಹಳ. ಈ ಸೀಮೆಯಲ್ಲಿ ಅಷ್ಟು ಬೇಗ ಸೋಲೊಪ್ಪಬೇಕಾಗಿಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ದಶಕಗಳ ಕಾಲ ದೇಶಕ್ಕೆಲ್ಲ ಲೇತ್ ಯಂತ್ರ ಕೊಟ್ಟಿತು. ಕಾರ್ಖಾನೆ ಮುಚ್ಚಿದರೂ ಅಲ್ಲಿ ಕೈ ಪಳಗಿಸಿಕೊಂಡ ಟರ್ನರ್, ಫಿಟ್ಟರ್‌ಗಳು ಹರಿಹರ, ದಾವಣಗೆರೆಯಲ್ಲಿ ಸಿಗುತ್ತಾರೆ. ಸವೆದ ಬುಷ್ಷನ್ನೋ ಪಿನ್ನನ್ನೋ ಒಯ್ದು ಕೊಟ್ಟರೆ ಅಳತೆ ಹಿಡಿದು ಹೊಸದನ್ನು ಕಡೆದುಕೊಡುವ ವಿದ್ಯೆ ಅವರಲ್ಲಿದೆ. ಹೊಸ ಭಾಗದ ಮೇಲೆ ಮಾಡಿದ ವರ್ಷವನ್ನು ಸಣ್ಣದಾಗಿ ಒತ್ತಿಸಿ, ಮುಂದೆ ನೋಡುವವರಿಗೆ ಯಾವುದು ಮೂಲ, ಯಾವುದು ಹೊಸತು ಎಂದು ತಿಳಿಯಲಿ. ತೆಗೆದ ಹಳೇ ಭಾಗವನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಇಡಿ.

ಕೊನೆಯಲ್ಲಿ ಬಣ್ಣ ಮತ್ತು ಆರ್‌ಟಿಒ. ಮಿಲಿಟರಿ ಗಾಡಿಗೆ ಮಿಲಿಟರಿ ಹಸಿರನ್ನೇ ಹಚ್ಚಬೇಕೆಂದು ಎಲ್ಲರಿಗೂ ಆಸೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಮೀಸಲು. ಬಾಣದ ಗುರುತಿನ ನಂಬರ್ ಪ್ಲೇಟ್ ಹಾಕಿ ರಸ್ತೆಗಿಳಿಯುವಂತೆಯೂ ಇಲ್ಲ. 2021ರಲ್ಲಿ ಬಂದ ವಿಂಟೇಜ್ ನೋಂದಣಿಗೆ ಗಾಡಿಗೆ 50 ವರ್ಷ ಮೀರಿರಬೇಕು, ಮೂಲ ರೂಪ ಬದಲಾಗಿರಬಾರದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆ ನಿಯಮ ವೈಯಕ್ತಿಕ ಬಳಕೆಯ ಬೈಕು, ಕಾರುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಜೀಪಿಗೆ ಅವಕಾಶ ಇರಬಹುದು, ಸರಕು ಲಾರಿಗೆ ದಾರಿ ಕಷ್ಟ. ಹಾಗಾಗಿ ಗಾಡಿಗೆ ಹಣ ಕೊಡುವ ಮೊದಲೇ ಹಳೇ ಆರ್‌ಸಿ, ಹರಾಜಿನ ಕಾಗದಗಳ ಪ್ರತಿ ಹಿಡಿದು ದಾವಣಗೆರೆಯ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ ಬನ್ನಿ. ಮೂಲ ಕಾಗದಗಳನ್ನು ಯಾರ ಕೈಗೂ ಬಿಟ್ಟುಬರಬೇಡಿ.